ಪಾರ್ಕ್ ಬೇಕೆಂದ ಊರು

ಸುಬ್ಬಿಗೆ ಬೇಕಾಗಿದ್ದು ಒಂದೇ, ಹಳ್ಳ ದಾಟಲೊಂದು ಗಟ್ಟಿ ಸಂಕ. ಅವಳ ಊರು ಬೇಗಾರು, ಹಳ್ಳದ ಆಚೆ ದಡದ ತೋಟದಲ್ಲಿ ದಿನಗೂಲಿ. ಮರದ ಕಾಲುಸಂಕ ಪ್ರತಿ ಮಳೆಗಾಲವೂ ಕೊಚ್ಚಿಹೋಗುತ್ತದೆ. ಹೋದ ವರ್ಷ ಹಳ್ಳ ಅವಳನ್ನೂ ಹೊತ್ತೊಯ್ಯುವುದರಲ್ಲಿತ್ತು. ಅಂದಿನಿಂದ ಹಳ್ಳ ಕಂಡರೇ ಅವಳಿಗೆ ಜೀವಭಯ.

ಹೀಗಿರುವಾಗ ಸರ್ವೆಯ ಹುಡುಗಿ ಭವ್ಯ ಟ್ಯಾಬ್ ಹಿಡಿದು ಬಂದಳು. ಅದರಲ್ಲಿ ಎರಡು ಚಿತ್ರ: ಒಂದು ಸಂಕ, ಒಂದು ಪಾರ್ಕ್. ಸರ್ಕಾರ ಕೊಡುವುದು ಒಂದನ್ನೇ. ಯೋಚಿಸಿಡಿ, ನಾಳೆ ಮನೆಮನೆಗೂ ಬಂದು ಕೇಳುತ್ತೇನೆ ಎಂದಳು.

ಯೋಚಿಸುವುದೇನು ಮಣ್ಣು? ಸಂಕದ ಚಿತ್ರ ಒತ್ತಿ ಮುಗಿಸಬೇಕಿತ್ತು. ಆದರೆ ಊರಲ್ಲಿ ಕರಿಯಣ್ಣನೆಂಬ ಮಹಾಬುದ್ಧಿವಂತನಿದ್ದನಲ್ಲ!

"ಕೇಳಿದ್ದು ಕೊಟ್ಟು ಸರ್ಕಾರಕ್ಕೆ ಅಭ್ಯಾಸ ಇದ್ಯನಾ?" ಎಂದ ಕರಿಯಣ್ಣ. "ಡಾಕ್ಟ್ರು ಬೇಕು ಅಂದ್ವಿ, ಬಸ್‌ಸ್ಟ್ಯಾಂಡ್ ಕಟ್ಟಿದ್ರು. ಬಸ್ ಬೇಕು ಅಂದ್ವಿ, ಸೋಲಾರ್ ದೀಪ ನೆಟ್ರು. ಎಲ್ಲರೂ ಪಾರ್ಕ್ ಅನ್ನಿ ಮಾರಾಯ್ರೆ, ಸಂಕ ತನ್ನಷ್ಟಕ್ಕೆ ಬರ್ತದೆ!"

ಊರೇ ತಲೆದೂಗಿತು. ಸುಬ್ಬಿಗೂ ಹೌದೆನ್ನಿಸಿತು. ಮರುದಿನ ಪಾರ್ಕ್ ಒತ್ತುವಾಗ ಮಾತ್ರ ಬೆರಳು ಒಮ್ಮೆ ಸಂಕದ ಕಡೆಗೇ ಹೋಗಿ ಬಂತು.

"ಖಂಡಿತ ಇದೇನಾ ಅಕ್ಕ?" ಭವ್ಯ ಕೇಳಿದಳು.

"ಹೂಂ ಮಾರಾಯ್ತಿ, ನಮಗೆ ಪಾರ್ಕ್ ಅಂದ್ರೆ ಪ್ರಾಣ."

ಇಷ್ಟು ಲಕ್ಷಣವಾಗಿ ಸುಳ್ಳು ಹೇಳಬಲ್ಲೆನೆಂದು ಸುಬ್ಬಿಗೇ ಗೊತ್ತಿರಲಿಲ್ಲ.

ಸರ್ಕಾರಕ್ಕೆ ಅದೇನು ಬುದ್ಧಿ ಬಂತೋ, ಹುಟ್ಟಿದಾರಭ್ಯ ಮೊದಲ ಸಲ ಕೇಳಿದ್ದನ್ನೇ ಕೊಟ್ಟುಬಿಟ್ಟಿತು! ಮುಂದಿನ ಬೇಸಿಗೆ ಮುಗಿಯುವುದರೊಳಗೆ ಹಳ್ಳದ ಈಚೆ ದಡದಲ್ಲಿ ಪಾರ್ಕ್ ಎದ್ದಿತು: ಬೇಲಿ, ಜಾರುಬಂಡಿ, ಉದ್ದುದ್ದ ಸಿಮೆಂಟ್ ಬೆಂಚುಗಳು. ಸುತ್ತ ಇಷ್ಟು ಕಾಡಿಟ್ಟುಕೊಂಡು ಗಿಡ ನೋಡಲು ಪಾರ್ಕಿಗೆ ಯಾರು ಹೋಗುತ್ತಾರೆ? ಕರಿಯಣ್ಣನಂತೂ ಕೊಪ್ಪದ ನೆಂಟರ ಮನೆಗೆ ಹೋದವನು ಈ ಕಡೆ ತಲೆಹಾಕಲಿಲ್ಲ.

ಸುಬ್ಬಿಗೆ ಸಿಟ್ಟು ಬಂದದ್ದು ಅವನ ಮೇಲಲ್ಲ, ತನ್ನ ಮೇಲೆ. ಬಾಯಿತುದಿಯವರೆಗೆ ಬಂದ ಸಂಕವನ್ನು ತಾನೇ ನುಂಗಿಕೊಂಡಿದ್ದಳಲ್ಲ! ಕೂತು ಅತ್ತಳು. ಅತ್ತು ಮುಗಿದ ಮೇಲೆ ಮೂಗೊರೆಸಿಕೊಂಡು ತೋಟದ ಹೆಂಗಸರನ್ನು ಕರೆದಳು. "ಏಳ್ರೇ, ಹಾರೆ ತಗೊಂಡು ಬನ್ನಿ."

ಮಳೆ ಹಿಡಿದ ಮೇಲೆ ಭವ್ಯ ಮತ್ತೆ ಬಂದಳು. ಜನ ಪಾರ್ಕನ್ನು ಬಳಸುತ್ತಾರೋ ಇಲ್ಲವೋ ಎಂಬ ಸರ್ವೆಯಂತೆ. ನೋಡಿದರೆ ಬೇಲಿಯೊಳಗೆ ಒಂದೂ ಬೆಂಚಿಲ್ಲ.

"ಬೆಂಚೆಲ್ಲಿ ಅಕ್ಕ?"

ಸುಬ್ಬಿ ಅವಳ ಕೈಹಿಡಿದು ಹಳ್ಳಕ್ಕೆ ಕರೆದೊಯ್ದಳು. ಬೆಂಚಿನ ಸಿಮೆಂಟ್ ಹಲಗೆಗಳು ಬಂಡೆಯಿಂದ ಬಂಡೆಗೆ ಸಾಲಾಗಿ ಮಲಗಿದ್ದವು. ಜಾರುಬಂಡಿಯ ಕಂಬಿ ಕೈಹಿಡಿಯಾಗಿತ್ತು. ಕೆಳಗೆ ಕೆಂಪು ನೀರು ಬೊಬ್ಬೆ ಹೊಡೆಯುತ್ತಿತ್ತು. ಸುಬ್ಬಿ ಸಲೀಸಾಗಿ ನಡೆದಳು, ಭವ್ಯ ಹಿಂದೆ ಹೆದರಿ ಹೆದರಿ ಬಂದಳು.

"ನಾನೀಗ ಏನಂತ ಬರೀಲಿ?" ಹಳ್ಳದ ನಡುವೆ ನಿಂತು ಕೇಳಿದಳು.

"ಊರಿಗೆ ಊರೇ ಪಾರ್ಕಿಗೆ ದಿನಾ ಬರ್ತದೆ ಅಂತ ಬರಿ," ಎಂದಳು ಸುಬ್ಬಿ. "ಕೂರಕ್ಕೆ ಮಾತ್ರ ಯಾರಿಗೂ ಪುರಸೊತ್ತಿಲ್ಲ."