ನಾಲ್ಕನೇ ಜ್ವರದ ಬಿಡುವು

ರಾಮಕ್ಕ ಹಂಡೆಯಿಂದ ಬಿಸಿನೀರು ತೋಡಿ, ಬಿಂದಿಗೆ ಸೊಂಟಕ್ಕಿಟ್ಟುಕೊಂಡು ನಾಲ್ಕು ಹೆಜ್ಜೆ ಬಂದಿರಲಿಲ್ಲ, ಪಿಳ್ಳಮ್ಮ ಅಡ್ಡ ನಿಂತು ಬಿಂದಿಗೆಯ ಕಂಠಕ್ಕೆ ಕೈ ಹಾಕಿದಳು.

"ಇಲ್ಲಿ ಕೊಡು. ನೀನು ಮಾಡಿದ್ದು ಸಾಕು."

ಅಂಗಳದಲ್ಲಿ ಕೂತಿದ್ದ ಹೆಂಗಸರೆಲ್ಲ ತಲೆ ಎತ್ತಿದರು. ರಾಮಕ್ಕ ಬಿಂದಿಗೆ ಬಿಟ್ಟುಕೊಟ್ಟಳು. ಸೀರೆ ಅರ್ಧ ನೆನೆದಿತ್ತು. ಎಲ್ಲಿ ನಿಲ್ಲಬೇಕು, ಯಾರ ಪಕ್ಕ ಕೂರಬೇಕು ಅಂತ ಅವಳಿಗೆ ತೋಚಲಿಲ್ಲ. ದನದ ಕೊಟ್ಟಿಗೆ ತನಕ ಹೋದಳು, ವಾಪಸ್ ಬಂದಳು, ಮತ್ತೆ ಹೋದಳು.

ಅವಳ ಓರಗಿತ್ತಿ ಕೊಂಡಮ್ಮ ಬೇವಿನ ಮರದ ಕೆಳಗೆ ಚಾಪೆಯ ಮೇಲೆ ಮಲಗಿದ್ದಳು. ಒಳಗೆ ತಂದಿರಲಿಲ್ಲ. ಆಚೆ ಸತ್ತವರನ್ನು ಹೊಸ್ತಿಲು ದಾಟಿಸಿ ಒಳಗೆ ತರುವ ಪದ್ಧತಿ ಆ ಮನೆತನದಲ್ಲಿ ಇಲ್ಲ. ಬಂದವರಿಗೆಲ್ಲ ಪಿಳ್ಳಮ್ಮ ಅದನ್ನೇ ಹೇಳುತ್ತಿದ್ದಳು. ಮೂವತ್ತು ವರ್ಷ ಹೊಸ್ತಿಲು ಬಿಟ್ಟು ಕದಲದಿದ್ದ ಹೆಂಗಸು, ತನ್ನ ಅಣ್ಣ ಮುತ್ತರಾಯಪ್ಪನ ಮನೆಯ ದೀಪ, ಈಗ ರಾತ್ರಿಯೆಲ್ಲ ಮಂಜಿನಲ್ಲಿ ಬೀದಿ ಹೆಣದ ಹಾಗೆ ಬಿದ್ದಿದ್ದಾಳೆ. ಕರೆದುಕೊಂಡು ಹೋಗಿ ಬಸ್ಸಿನಲ್ಲಿ ಸಾಯಿಸಿದವಳು ಅಗೋ ಅಲ್ಲಿ ಓಡಾಡುತ್ತಾ ಇದ್ದಾಳೆ.

"ಶೂಳಗಿರಿಯಿಂದ ಇಲ್ಲೀಗಂಟ ಹೆಣದ ಪಕ್ಕ ಕೂತ್ಕೊಂಡು ಬಂದವ್ಳೆ ಕಣ್ರಮ್ಮ. ಗೊತ್ತೇ ಆಗ್ಲಿಲ್ವಂತೆ."

ರಾಮಕ್ಕನಿಗೆ ಗೊತ್ತಾಗಿರಲಿಲ್ಲ, ಅದು ನಿಜ. ಪಿಳ್ಳಮ್ಮ ಅಂದಿದ್ದು ಚುಚ್ಚಿದರೂ ಅವಳು ಎದುರು ನೋಡುತ್ತಿದ್ದದ್ದು ಬೇರೆ ಮಾತನ್ನು. ಕೊಂಡಮ್ಮನ ಗಂಡ ಮುತ್ತರಾಯಪ್ಪ ನಿನ್ನೆ ಸಂಜೆಯಿಂದ ಅವಳ ಜೊತೆ ಒಂದು ಮಾತೂ ಆಡಿರಲಿಲ್ಲ. ಬಯ್ದಿರಲಿಲ್ಲ, ಅತ್ತಿರಲಿಲ್ಲ. ಬೆಳಗಿನಿಂದ ಆ ಮನುಷ್ಯ ಅಂಗಳದಲ್ಲಿ ಕಂಡಿರಲೂ ಇಲ್ಲ. ಬಾವ ಬಾಯಿಬಿಟ್ಟು 'ನೀನೇ ಕೊಂದೆ' ಅಂದುಬಿಟ್ಟರೆ, ಆಮೇಲೆ ಈ ಅಂಗಳದಲ್ಲಿ, ಗೋಡೆಗೆ ಗೋಡೆ ಹತ್ತಿದ ಮನೆಯಲ್ಲಿ, ಬಾಳುವುದು ಹೇಗೆ?

*

ಆ ಮನೆಯವರದು ರೇಷ್ಮೆ ಹುಳದ ಬದುಕು. ಹುಳು ಅಂದರೆ ಕೈಕೂಸಿದ್ದ ಹಾಗೆ. ಹೊತ್ತು ಹೊತ್ತಿಗೆ ಸೊಪ್ಪು ಹಾಕಬೇಕು, ಕಸ ತೆಗೆಯಬೇಕು, ತಟ್ಟೆ ಜೋಡಿಸಿದ ಅಟ್ಟಣೆಯ ಕಾಲುಗಳನ್ನು ನೀರಿನ ಬಟ್ಟಲಿನಲ್ಲಿ ನಿಲ್ಲಿಸಬೇಕು. ಬಟ್ಟಲು ಒಣಗಿದರೆ ಇರುವೆ ಹತ್ತುತ್ತವೆ. ಇರುವೆ ಹತ್ತಿದರೆ ಬೆಳೆ ಹೋದಂತೆ.

ಕೊಂಡಮ್ಮ ಮದುವೆಯಾಗಿ ಬಂದ ಎರಡನೇ ವರ್ಷ ಪಕ್ಕದೂರಿಗೆ ನಾಟಕ ನೋಡಲು ಹೋಗಿದ್ದಳು. ಬೆಳಿಗ್ಗೆ ಬಂದು ನೋಡಿದರೆ ನಲವತ್ತು ತಟ್ಟೆಯ ಹುಳು ಇರುವೆಯ ಪಾಲಾಗಿತ್ತು. ನೀನು ಹೊಸ್ತಿಲು ದಾಟಿದರೆ ಮನೆ ಉಳಿಯಲ್ಲ ಅಂತ ಅತ್ತೆ ಬೀದಿಗೆಲ್ಲ ಕೇಳುವ ಹಾಗೆ ಅಂದರು. ಅತ್ತೆ ತೀರಿಕೊಂಡು ಇಪ್ಪತ್ತು ವರ್ಷವಾದರೂ ಆ ಮಾತು ಮನೆ ಬಿಟ್ಟು ಹೋಗಲಿಲ್ಲ. ಕೊಂಡಮ್ಮ ಸಾವಿಗೆ, ಮದುವೆಗೆ ಹೋಗಿ ಹೊತ್ತು ಮುಳುಗುವುದರೊಳಗೆ ಬರುತ್ತಿದ್ದಳು. ಸುಮ್ಮನೆ ಸಂತೋಷಕ್ಕೆ ಅಂತ ಎಲ್ಲಿಗೂ ಇಲ್ಲ. ಆಸೆ ಇರಲಿಲ್ಲ ಅಂತಲ್ಲ. ಹೊಸೂರಿನ ಟೆಂಟಿನಲ್ಲಿ ಯಾವ ಪಿಚ್ಚರ್ ನಡೆಯುತ್ತಿದೆ ಅಂತ ಊರಿನಲ್ಲಿ ಎಲ್ಲರಿಗಿಂತ ಮೊದಲು ಗೊತ್ತಾಗುತ್ತಿದ್ದುದು ಅವಳಿಗೇ. ತಲೆ ಬಾಚಿ, ಹೂವು ಮುಡಿದು ಹೊರಡುತ್ತಿದ್ದಳು. ಬಸ್ಸು ನಿಲ್ಲುವ ಹುಣಸೆಮರದ ತನಕ ಬಂದಾಗ ಕಾಲು ತಡೆಯುತ್ತಿತ್ತು.

"ಬಟ್ಲಿಗೆ ನೀರು ಹಾಕಿದ್ನಾ, ಇಲ್ವಾ?"

ಹಾಕಿದೆ ಅಂತ ಯಾರು ಹೇಳಿದರೂ ಕೇಳುತ್ತಿರಲಿಲ್ಲ. ತಿರುಗಿಬಿಡುತ್ತಿದ್ದಳು. "ಏನಮ್ಮ, ಹುಣಸೆಮರಕ್ಕೆ ಪ್ರದಕ್ಷಿಣೆ ಆಯ್ತಾ?" ಅಂತ ಊರವರು ನಗುತ್ತಿದ್ದರು.

ಎಂಬತ್ತೊಂದನೇ ಇಸವಿಯಲ್ಲಿ ರಾಮಕ್ಕ ಒಂದು ಲೆಕ್ಕ ಹಿಡಿದಳು. ಹುಳು ನಾಲ್ಕನೇ ಸಲ ಪೊರೆ ಬಿಡುವುದಕ್ಕೆ ಮುಂಚೆ ಒಂದು ಹಗಲು, ಒಂದು ರಾತ್ರಿ ತಲೆ ಎತ್ತಿಕೊಂಡು ಮಲಗುತ್ತದೆ. ಅದಕ್ಕೆ ಜ್ವರ ಅನ್ನುತ್ತಾರೆ. ಜ್ವರಕ್ಕೆ ಕೂತ ಹುಳು ಸೊಪ್ಪು ಮುಟ್ಟುವುದಿಲ್ಲ. ಆವತ್ತು ಮನೆಯಲ್ಲಿ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

"ಅವು ನಿದ್ದೆ ಮಾಡ್ತವೆ. ನೀನು ಕಾವಲು ಕೂತ್ಕೊಂಡು ಏನ್ ಮಾಡ್ತೀಯಕ್ಕ?"

ಆ ದಿನವೂ ಕೊಂಡಮ್ಮ ಹುಣಸೆಮರದಿಂದ ತಿರುಗಿದಳು. ರಾಮಕ್ಕ ಎಳೆಯಲಿಲ್ಲ, ಬಯ್ಯಲಿಲ್ಲ. ಮಡಿಲಲ್ಲಿದ್ದ ಕಡಲೆಕಾಯಿ ಬಿಡಿಸುತ್ತಾ ಮರದ ಬುಡದಲ್ಲಿ ಕೂತಳು. ಬಸ್ಸು ಬಂತು, ಹೋಯಿತು. ಕೊಂಡಮ್ಮ ನೀರು ನೋಡಿಕೊಂಡು ಬಂದಾಗ ಇವಳು ಅಲ್ಲೇ ಇದ್ದಳು.

"ನೀನು ಹೋಗ್ಲಿಲ್ವೇನೇ?"

"ಇನ್ನೊಂದ್ ಬಸ್ ಐತೆ."

ಎರಡನೇ ಬಸ್ಸು ಬರುವ ಹೊತ್ತಿಗೆ ಕೊಂಡಮ್ಮನಿಗೆ ಬಾಗಿಲ ಚಿಲಕದ ಗ್ಯಾಪಕ ಬಂತು. ಹೋದಳು, ಬಂದಳು. "ಇನ್ನೊಂದೈತೆ" ಅಂದಳು ರಾಮಕ್ಕ. ಮೂರನೆಯ ಬಸ್ಸು ಬಂದಾಗ ಮಡಿಲಿನ ಕಡಲೆಕಾಯಿಯೆಲ್ಲ ಮುಗಿದಿತ್ತು. ಕೊಂಡಮ್ಮ ಅವಳ ಮುಖ ನೋಡಿದಳು, ಸಿಪ್ಪೆಯ ರಾಶಿ ನೋಡಿದಳು, ನಾಚಿಕೆಯಾಗಿ ಬಸ್ಸು ಹತ್ತಿದಳು. ಟೆಂಟಿನಲ್ಲಿ ಅರ್ಧ ಪಿಚ್ಚರ್ ನೋಡಿ ಎದ್ದುಬಂದರು. ಆದರೂ ನೋಡಿದರು.

ಅಲ್ಲಿಂದ ಎರಡು ವರ್ಷ ಬೆಳೆಗೊಂದು ಸಲ, ನಾಲ್ಕನೇ ಜ್ವರದ ದಿನ, ಇಬ್ಬರೂ ಹೊರಡುತ್ತಿದ್ದರು. ಪ್ರತಿ ಸಲವೂ ಕೊಂಡಮ್ಮ ಹುಣಸೆಮರದ ಹತ್ತಿರ ಒಂದು ಸಲ ನಿಂತು ಊರ ಕಡೆ ತಿರುಗಿ ನೋಡುತ್ತಿದ್ದಳು. ಆಮೇಲೆ ಹತ್ತುತ್ತಿದ್ದಳು.

*

ಮಧ್ಯಾಹ್ನದ ಹೊತ್ತಿಗೆ ಮೂಕಂಡಪಲ್ಲಿಯಿಂದ ಕೊಂಡಮ್ಮನ ಮಗಳು ಆದಿಲಕ್ಷ್ಮಿ ಬಂದಳು. ಗಂಡ ಫ್ಯಾಕ್ಟರಿಯಲ್ಲಿ ಶಿಫ್ಟ್ ಮುಗಿಸಿ ಬರುವ ತನಕ ಸುದ್ದಿ ತಿಳಿದಿರಲಿಲ್ಲ. ತಾಯಿಯ ಕಾಲಿನ ಮೇಲೆ ಬಿದ್ದು ಅತ್ತಳು. ಪಿಳ್ಳಮ್ಮ ಅವಳ ಕಿವಿಯಲ್ಲೂ ಎಲ್ಲ ಹಾಕಿದಳು. ಆದಿಲಕ್ಷ್ಮಿ ಕೆಂಪಗಾದ ಕಣ್ಣು ಎತ್ತಿ ರಾಮಕ್ಕನನ್ನು ಹುಡುಕಿದಳು.

"ಚಿಕ್ಕಮ್ಮ, ಕಡೇಗೆ ಏನ್ ತಿಂದ್ಳು?"

"ಮೀನು. ಡ್ಯಾಮ್ ಹತ್ರ ಹುರಿದು ಕೊಡ್ತಾರಲ್ಲ. ಎರಡು."

"ಎರಡಾ?"

ಅಳುತ್ತಿದ್ದವಳ ಬಾಯಿ ಒಂದು ಗಳಿಗೆ ನಗುವಿಗೆ ತಿರುಗಿ, ಮತ್ತೆ ಅಳುವಿಗೆ ಬಂತು. ಮುತ್ತೈದೆಯ ಹೆಣದ ಮುಂದೆ ಮೀನಿನ ಮಾತೇ ಅಂತ ಪಿಳ್ಳಮ್ಮ ಗದರಿದಳು.

ರಾಮಕ್ಕನಿಗೆ ಅಲ್ಲಿ ನಿಲ್ಲಲಾಗಲಿಲ್ಲ. ಹೊತ್ತು ನೋಡಿದಳು. ನಿನ್ನೆ ಬೆಳಿಗ್ಗೆ ಜ್ವರಕ್ಕೆ ಕೂತ ಹುಳು ಇಷ್ಟೊತ್ತಿಗೆ ಎದ್ದಿರುತ್ತದೆ. ಎದ್ದ ಹುಳದ ಹಸಿವು ಹೇಳತೀರದು. ಸೂತಕದವರು ಹುಳದ ಮನೆಗೆ ಕಾಲಿಡಬಾರದು, ಸಂಜೆಗೆ ಬೇರೆಯವರು ಯಾರಾದರೂ ಬಂದು ಸೊಪ್ಪು ಹಾಕುತ್ತಾರೆ ಅಂತ ಪಿಳ್ಳಮ್ಮ ಬೆಳಿಗ್ಗೆಯೇ ಅಪ್ಪಣೆ ಮಾಡಿದ್ದಳು. ರಾಮಕ್ಕ ಹಿತ್ತಲಿಂದ ಸುತ್ತಿಬಂದು ಹುಳದ ಮನೆಯ ಬಾಗಿಲು ನೂಕಿದಳು.

ಒಳಗೆ ಮುತ್ತರಾಯಪ್ಪ ಇದ್ದ. ಕುಕ್ಕರುಗಾಲಿನಲ್ಲಿ ಕೂತು ಸೊಪ್ಪು ಹರಡುತ್ತಿದ್ದ. ಬೆಳಿಗ್ಗೆಯೇ ಹೋಗಿ ಕೊಯ್ದು ತಂದ ಸೊಪ್ಪಿನ ಮಂಕರಿ ಪಕ್ಕದಲ್ಲಿತ್ತು. ಮೇಲಿನ ತಟ್ಟೆಗಳಲ್ಲಿ ಆಗಲೇ ಹುಳು ಮೇಯುವ ಸದ್ದು, ತುಂತುರು ಹನಿ ಎಲೆಯ ಮೇಲೆ ಬಿದ್ದ ಹಾಗೆ. ಅಟ್ಟಣೆಯ ಕಾಲಿನ ಬಟ್ಟಲುಗಳಲ್ಲಿ ನೀರು ಅಂಚಿನ ತನಕ ನಿಂತಿತ್ತು.

"ಎದ್ದವೆ," ಅಂದ, ತಲೆ ಎತ್ತದೆ.

ರಾಮಕ್ಕ ಬಾಗಿಲಲ್ಲೇ ನಿಂತಳು. ಕೇಳಬಾರದು ಅಂದುಕೊಂಡಿದ್ದು ಬಾಯಿಗೆ ಬಂದುಬಿಟ್ಟಿತು.

"ಬಾವ, ನಾನು ಕರ್ಕೊಂಡು ಹೋಗ್ಬಾರದಾಗಿತ್ತಾ?"

ಮುತ್ತರಾಯಪ್ಪ ಇನ್ನೊಂದು ಹಿಡಿ ಸೊಪ್ಪು ಹರಡಿದ. ಆ ತಟ್ಟೆ ಮುಗಿದ ಮೇಲೆ ಬೇರೇನೋ ಹೇಳಿದ.

"ಆ ನಾಟಕದ ದಿನ ಬಟ್ಲಿಗೆ ನೀರು ಹಾಕ್ಬೇಕಾಗಿದ್ದೋನು ನಾನು. ಹೇಳ್ಬುಟ್ಟೇ ಹೋಗಿದ್ಳು. ನಾನು ಮರ್ತು ಮಲಗ್ಬುಟ್ಟೆ. ಅವ್ವ ಅವ್ಳನ್ನ ಅಂದಾಗ ಸುಮ್ಕೆ ನಿಂತಿದ್ದೆ."

ಅಷ್ಟು ಹೇಳಿ ಖಾಲಿ ಮಂಕರಿ ಎತ್ತಿಕೊಂಡು ಅವಳ ಪಕ್ಕದಿಂದ ಆಚೆ ಹೋದ. ಹೆಂಡತಿಯ ಮೇಲಿನ ತಪ್ಪನ್ನು ತಾನು ಹೊತ್ತುಕೊಂಡನೋ, ಮನೆ ಬಿಟ್ಟು ಹೋದರೆ ಕೆಡುತ್ತದೆ ಅಂತಲೇ ಹೇಳಿದನೋ, ರಾಮಕ್ಕನಿಗೆ ತಿಳಿಯಲಿಲ್ಲ. ಮೊದಲಿಗಿಂತ ಹೆಚ್ಚು ಕಳವಳವಾಯಿತು.

*

ನಿನ್ನೆ ಮಾತ್ರ ಕೊಂಡಮ್ಮ ಹುಣಸೆಮರದ ಹತ್ತಿರ ನಿಲ್ಲಲಿಲ್ಲ. ಬಸ್ಸು ಕಂಡಿದ್ದೇ ಸೆರಗು ಬಿಗಿದುಕೊಂಡು ರಾಮಕ್ಕನಿಗಿಂತ ಮೊದಲು ಓಡಿ, ಕಿಟಕಿ ಪಕ್ಕದ ಜಾಗ ಹಿಡಿದಳು. ಕೃಷ್ಣಗಿರಿ ಡ್ಯಾಮಿನಲ್ಲಿ ಮಧ್ಯಾಹ್ನವೆಲ್ಲ ನೀರಿಗೆ ಕಾಲು ಬಿಟ್ಟುಕೊಂಡು ಕೂತಳು. ಮೊದಲನೇ ಮೀನು ರಾಮಕ್ಕನ ಬಲವಂತಕ್ಕೆ ತಿಂದಳು. ಎರಡನೆಯದನ್ನು ತಾನೇ ಕೇಳಿದಳು.

ವಾಪಸ್ ಬರುವಾಗ ಶೂಳಗಿರಿಯ ಹತ್ತಿರ ಗಾಳಿಗೆ ಕಣ್ಣು ಕಿರಿದು ಮಾಡಿಕೊಂಡು ಅಂದಳು.

"ನೀರಿನ ಬಟ್ಲು ಇವತ್ತು ಒಂದ್ ಸಲನೂ ಗ್ಯಾಪಕಕ್ಕೆ ಬರ್ಲಿಲ್ಲ ಕಣೇ."

ತನ್ನ ಮಾತಿಗೆ ತಾನೇ ಬೆರಗಾದವಳ ಹಾಗೆ ನಕ್ಕಳು. ಆಮೇಲೆ ತಲೆಯನ್ನು ರಾಮಕ್ಕನ ಭುಜಕ್ಕೆ ವಾಲಿಸಿದಳು. ಭುಜ ಜೋಮು ಹಿಡಿಯಿತು. ನಿದ್ದೆ ಕೆಡಬಾರದು ಅಂತ ರಾಮಕ್ಕ ಅಲುಗಾಡಲಿಲ್ಲ.

"ಏಳಕ್ಕ, ಹುಣಸೆಮರ ಬಂತು."

ಏಳಲಿಲ್ಲ.

*

ಹೊತ್ತು ಇಳಿಯುವಾಗ ಹೆಣ ಎತ್ತಿದರು. ಗಂಡುಮಕ್ಕಳಿಲ್ಲದ ಕಾರಣ ಮುತ್ತರಾಯಪ್ಪನೇ ಬೆಂಕಿ ಮಡಕೆ ಹಿಡಿದು ಮುಂದೆ ನಡೆದ. ಹಿಡಿದವನು ಹಿಂದಕ್ಕೆ ತಿರುಗುವಂತಿಲ್ಲ. ರಾಮಕ್ಕನ ಗಂಡ ನಾರಾಯಣಪ್ಪ ಹೆಗಲು ಕೊಟ್ಟಿದ್ದ. ಹೆಂಗಸರು ಹಿಂದೆ. ಎಲ್ಲರಿಗಿಂತ ಹಿಂದೆ ರಾಮಕ್ಕ.

ಊರಿನ ಚಟ್ಟಗಳೆಲ್ಲ ಇಳಿಯುವುದು ಅದೇ ಹುಣಸೆಮರದ ಬುಡದಲ್ಲಿ. ಮನೆಯಿಂದ ಕಾಲು ಮುಂದಾಗಿ ಬಂದ ಚಟ್ಟವನ್ನು ಅಲ್ಲಿ ಇಳಿಸಿ, ತಿರುಗಿಸಿ, ತಲೆ ಮುಂದಾಗಿ ಎತ್ತುತ್ತಾರೆ. ಸತ್ತವರಿಗೆ ಮನೆಯ ದಿಕ್ಕು ತಪ್ಪಲಿ ಅಂತ. ಹೆಂಗಸರು ಅಲ್ಲಿಂದ ಮುಂದೆ ಹೋಗುವುದಿಲ್ಲ.

ಚಟ್ಟ ಇಳಿಸಿದರು. ಹಿರಿಯ ದೊಡ್ಡವೆಂಕಟಪ್ಪ ತಿರುಗಿಸ್ರಪ್ಪ ಅಂದ. ಹೆಗಲು ಕೊಟ್ಟವರು ಬಗ್ಗಿದರು.

"ಇರ್ರಿ," ಅಂದ ಮುತ್ತರಾಯಪ್ಪ.

ತಮಟೆ ನಿಂತಿತು. ಅವನು ಮುಂದಕ್ಕೇ ಮುಖ ಮಾಡಿ ನಿಂತಿದ್ದ. ಮಡಕೆಯ ಹೊಗೆ ಅವನ ಹೆಗಲ ಮೇಲಿಂದ ಹಿಂದಕ್ಕೆ ಬರುತ್ತಿತ್ತು.

"ರಾಮಕ್ಕ."

ಹೆಂಗಸರು ಪಕ್ಕಕ್ಕೆ ಸರಿದರು. ರಾಮಕ್ಕ ಎರಡು ಹೆಜ್ಜೆ ಮುಂದೆ ಬಂದಳು.

"ಏನ್ ಬಾವ?"

"ನಿನ್ನೆ ಇಲ್ಲಿ ಬಸ್ ಹತ್ತೋವಾಗ ತಿರುಗಿ ನೋಡಿದ್ಳಾ?"

"ಇಲ್ಲ ಬಾವ. ಬಸ್ಸಿನಾಗೂ ಇಲ್ಲ."

ಮುತ್ತರಾಯಪ್ಪ ಎಲ್ಲರಿಗೂ ಕೇಳುವ ಹಾಗೆ ದನಿ ಎತ್ತಿದ.

"ಕೇಳಿದ್ರಲ್ಲ. ಈ ಮರದಿಂದ ಬೇಕಾದಷ್ಟು ಸಲ ತಿರುಗವ್ಳೆ. ಇವತ್ತು ತಿರುಗಿಸ್ಬೇಡಿ. ಹಂಗೇ ಎತ್ಕೊಳ್ಳಿ."

ತಿರುಗಿಸದಿದ್ದರೆ ಮನೆ ಹುಡುಕಿಕೊಂಡು ಬರುತ್ತಾಳೆ ಅಂತ ಪಿಳ್ಳಮ್ಮ ಬಾಯಿ ಮಾಡಿದಳು.

"ಬತ್ತಾಳಾ?" ಅಂದ ಮುತ್ತರಾಯಪ್ಪ. "ಬಂದ್ರೆ ಬರ್ಲಿ. ಬಟ್ಲಿನಾಗೆ ನೀರೈತೆ."

ದೊಡ್ಡವೆಂಕಟಪ್ಪ ಪಕ್ಕಕ್ಕೆ ಸರಿದ. ನಾರಾಯಣಪ್ಪ ಬಗ್ಗಿ ಹೆಗಲು ಕೊಟ್ಟ. ಉಳಿದ ಮೂವರೂ ಕೊಟ್ಟರು. ತಮಟೆ ಮತ್ತೆ ಎದ್ದಿತು.

ಹೆಂಗಸರು ಒಬ್ಬೊಬ್ಬರೇ ಊರ ಕಡೆ ತಿರುಗಿದರು. ಆದಿಲಕ್ಷ್ಮಿ ಬಂದು ಚಿಕ್ಕಮ್ಮನ ಪಕ್ಕ ನಿಂತಳು. ರಾಮಕ್ಕ ಮರದ ಬುಡದಿಂದ ಕದಲಲಿಲ್ಲ. ಅಲ್ಲಿಂದ ಅವಳಿಗೆ ಕಾಣುತ್ತಿದ್ದುದು ಕೊಂಡಮ್ಮನ ನೆತ್ತಿ, ತುರುಬಿನ ಸುತ್ತ ಸುತ್ತಿದ ಕನಕಾಂಬರ, ಅಷ್ಟೇ. ಹೆಗಲುಗಳ ಮೇಲೆ ಕುಲುಕುತ್ತಾ, ಕಾಲು ಮುಂದಾಗಿ, ಹಿಪ್ಪುನೇರಳೆ ತೋಟದ ಬದಿಯ ದಾರಿಯಲ್ಲಿ ಅದು ಹೋಯಿತು. ತಿರುವಿನ ತನಕವೂ ನೆತ್ತಿಯೇ ಕಾಣುತ್ತಿತ್ತು. ಮುಖ ಒಂದು ಸಲವೂ ಈ ಕಡೆ ಆಗಲಿಲ್ಲ.