ಎರಡು ದಿನದ ಸೊಪ್ಪು

ಉಗುರಿನ ಸಂದಿಯಲ್ಲಿ ಕಪ್ಪಗೆ ಅಂಟಿರುವುದು ಸೊಪ್ಪಿನ ಕರೆ, ದಿನಾ ಇರುವುದೇ, ಹಿಪ್ಪುನೇರಳೆ ಕೊಯ್ಯುವವರ ಕೈ ಇನ್ನು ಹೇಗಿರುತ್ತದೆ, ಸರಸಮ್ಮ ಕೆರೆದು ನೋಡಿದಳು, ಕೆಂಪಗೆ ಎದ್ದು ಬಂತು, ಥೂ, ಸೆರಗಿಗೆ ಒರೆಸಿದಳು, ಪೊಲೀಸ್ ಠಾಣೆಯ ಬೆಂಚು ತಣ್ಣಗಿದೆ, ಮೇಲೆ ಫ್ಯಾನು ಕರಕರ ಅನ್ನುತ್ತಿದೆ, ಹೊಂಗನೂರಿನ ತನ್ನ ಹುಳು ಮನೆಯಲ್ಲೂ ಈಗ ಇದೇ ಸದ್ದು, ರೇಷ್ಮೆ ಹುಳುಗಳು ಮೇಯುವ ಸದ್ದು, ಇನ್ನೆರಡು ದಿನ ಹೊಟ್ಟೆ ಬಿರಿಯ ತಿನ್ನಬೇಕು, ಆಮೇಲೆ ಹಣ್ಣಾಗಿ ಗೂಡು ಕಟ್ಟುತ್ತವೆ, ಈಗ ಸೊಪ್ಪು ತಪ್ಪಿದರೆ ಇಷ್ಟು ದಿನ ನಿದ್ದೆಗೆಟ್ಟದ್ದೆಲ್ಲ ತಿಪ್ಪೆಗೆ, ಎರಡೇ ದಿನ ತಡೀರಪ್ಪಾ ಅಂತ ಎಷ್ಟು ಅಂಗಲಾಚಿದಳು, ಕೇಳಿದನೇ ತೋಟ ಅಗೆಯಲು ಬಂದ ಆ ಗ್ಯಾಸ್ ಪೈಪಿನ ಕಂಪನಿಯ ಜಯಕುಮಾರ್, ಹಳದಿ ಟೋಪಿ ಹಾಕಿಕೊಂಡು ತೋಟದ ನಡುವೆ ನಿಂತು ಫೋನಿನಲ್ಲಿ ಭೂಪಟ ತೋರಿಸಿದ, ನೋಡಮ್ಮ, ಇದು ಕೆನಡಾ ದೇಸ, ನೆಲದೊಳ್ಗೆ ಗ್ಯಾಸು ತುಂಬ್ಕೊಂಡೈತೆ, ಇಷ್ಟು ದಿನ ಪಕ್ಕದ ಅಮೆರಿಕದೋನು ಒಬ್ನೇ ಗಿರಾಕಿ, ಅವ್ನು ಹೇಳಿದ್ದೇ ರೇಟು, ಈಗ ಬೆಟ್ಟ ಕೊರ್ದು ಸಮುದ್ರದವರ್ಗೂ ಪೈಪ್ ಎಳ್ದವ್ರೆ, ಅಲ್ಲಿಂದ ಹಡಗು, ಹಡಗಿಂದ ಈ ಪೈಪು, ಕಾಯ್ತಾ ಕೂರಕಾಯ್ತದಾ? ಒಬ್ಬನೇ ಗಿರಾಕಿಯ ಸಂಕಟವನ್ನು ಇವನು ಅವಳಿಗೆ ಹೇಳಿಕೊಡಬೇಕೇ, ಮನೆ ಬಾಗಿಲಲ್ಲೇ ಗೂಡು ತೂಗಿ ಬಾಯಿಗೆ ಬಂದ ರೇಟು ಹೇಳುತ್ತಿದ್ದ ದಲ್ಲಾಳಿಯ ಮುಂದೆ ಅಪ್ಪ ಕೈಕಟ್ಟಿ ನಿಂತದ್ದು ಅವಳಿಗೆ ನೆನಪಿಲ್ಲವೇ, ನಿಮ್ ಗ್ಯಾಸು ಮಾರ್ಕೆಟ್ ಸೇರ್ಬೇಕು, ನನ್ ಗೂಡು ರಾಮನಗರದ ಮಾರ್ಕೆಟ್ ಸೇರಬ್ಯಾಡ್ವಾ ಅಂದದ್ದಕ್ಕೆ ಹಲ್ಲು ಬಿಟ್ಟ ಮುಂಡೇಗಂಡ, ಆ ಕೆನಡಾದಲ್ಲೂ ನಿನ್ನಂಗೇ ಅಡ್ಡ ಕೂತಿದ್ರು ಕಣಮ್ಮ, ಪೊಲೀಸ್ನೋರು ಎತ್ತಾಕುದ್ರು, ಪೈಪ್ ನಿಂತ್ಕತಾ? ಭೂಮಿ ನಿಂದೇ, ಒಳಗೆ ಪೈಪ್ ಹಾಕೋ ಹಕ್ಕು ಮಾತ್ರ ನಮ್ದು — ಭೂಮಿ ನನ್ನದಂತೆ, ಬೇರು ಇಳಿಯುವ ಗಿಡ ನೆಡಬಾರದಂತೆ, ಇದೆಂಥ ನನ್ನದು, ಓಟಿಗೆ ಮುಂಚೆ ಒಂದಿಂಚೂ ಬುಟ್ಕೊಡಲ್ಲ ಅಂತ ಇದೇ ಬದುವಿನ ಮೇಲೆ ಮೈಕ್ ಹಿಡಿದು ಅರಚಿದ್ದ ಪುಟ್ಟಸ್ವಾಮಿಯ ಟಿಪ್ಪರ್‌ಗಳೇ ಈಗ ಪೈಪಿಗೆ ಮರಳು ಹೊಡೆಯುತ್ತಿವೆ, ಅವನ ಮನೆ ಹಾಳಾಗ. ಇದ್ದ ಸೊಪ್ಪನ್ನ ಈಗ್ಲೇ ಕೊಯ್ದು ಇಟ್ಕೊಳವಾ ಕಣೇ ಅಂದಿದ್ದ ಗಂಡ ತಿಮ್ಮಯ್ಯ, ನಾವೇ ಕೊಯ್ದರೆ ತೋಟ ಬಿಟ್ಟುಕೊಟ್ಟ ಹಾಗೆ ಅಂತ ಅವಳೇ ಹಟ ಹಿಡಿದಿದ್ದಳು.

ಜೆಸಿಬಿ ಡ್ರೈವರ್ ಮುನಿಕೃಷ್ಣ, ಕುದೂರಿನ ಕಡೆಯವನು, ನಿನ್ನೆ ಸಂಜೆ ನೀರು ಕೇಳಿಕೊಂಡು ಬಂದಿದ್ದ, ಚಪ್ಪಲಿ ದೂರದಲ್ಲೇ ಬಿಟ್ಟ, ರೋಗ ಒಳಗೆ ಬಾರದಿರಲೆಂದು ಹುಳು ಮನೆಯ ಹೊಸ್ತಿಲಿಗೆ ಚೆಲ್ಲಿದ್ದ ಸುಣ್ಣವನ್ನು ದಾಟಲಿಲ್ಲ, ಹಣ್ಣಾಗಕ್ಕೆ ಇನ್ನೆಷ್ಟು ದಿನ ಅಕ್ಕಾ ಅಂದ, ಎರಡು ದಿನ, ಹೋಗ್ ನಿನ್ ಕಂಪನಿಗೆ ಹೇಳ್ಕೋ ಹೋಗು ಅಂತ ಬಾಗಿಲು ಬಡಿದಳು, ಹುಳು ಸಾಕಿದವರಲ್ಲದೆ ಇನ್ಯಾರು ಹಾಗೆ ಕೇಳುತ್ತಾರೆ, ಬಾಗಿಲಾಚೆ ನಿಲ್ಲುತ್ತಾರೆ, ನಿನ್ನ ಬುದ್ಧಿಗೆ ಮಣ್ಣು ಬಿದ್ದಿತ್ತೇ ಸರಸೀ, ಬೆಳಿಗ್ಗೆ ಬಿಸಿಲೇರುವ ಮೊದಲೇ ತೋಟದಲ್ಲಿ ಕಚ್ ಕಚ್ ಸದ್ದು, ಓಡಿದಳು, ಕೈಗೆ ಮಚ್ಚು ಯಾವಾಗ ಬಂತೋ, ಜೆಸಿಬಿ ಬದುವಿನ ಮೇಲೆ ನಿಂತಿದೆ, ಮುನಿಕೃಷ್ಣ ಬಗ್ಗಿ ಕುಡುಗೋಲಿನಲ್ಲಿ ಸೊಪ್ಪು ಸವರುತ್ತಿದ್ದಾನೆ, ಆಗಲೇ ಅರ್ಧ ತೋಟ ಬೋಳು, ನನ್ನ ಹುಳುಗಳ ಬಾಯಿಂದ ಕಿತ್ತುಕೊಳ್ಳುತ್ತಾನಲ್ಲಾ ಪಾಪಿ, ಕಣ್ಣು ಕತ್ತಲಿಟ್ಟಿತು, ಅವನು ತಿರುಗಿ ಎಡಗೈ ಎತ್ತಿದ, ಅಕ್ಕಾ ನಿಮ್ಗೇ ಅಂತ — ಬೀಸಿದಳು, ಮೂಳೆ ಕಟ್ ಅಂದಿತು, ರಕ್ತ ಅವಳ ತುಟಿಗೆ ಹಾರಿತು, ಉಪ್ಪುಪ್ಪು, ಇನ್ನೊಮ್ಮೆ ಬೀಸಿದಳು, ಅಯ್ಯೋ ಇನ್ನೊಮ್ಮೆ ಯಾಕೆ, ಭುಜ ಬಿರಿಯಿತು, ಅವನು ಉರುಳಿದ, ಉರುಳಿದವನ ಹಿಂದೆ ಹೊಂಗೆ ಮರದ ನೆರಳು, ನೆರಳಿನಲ್ಲಿ ಸೊಪ್ಪಿನ ಕಟ್ಟುಗಳು, ಬುಡವೆಲ್ಲ ಒಂದು ಕಡೆ, ತುದಿಯೆಲ್ಲ ಒಂದು ಕಡೆ, ಬಾಡದ ಹಾಗೆ ಮೇಲೆ ಒದ್ದೆ ಗೋಣಿಚೀಲ.

ನೀರ್ ಕುಡೀರಿ ಅಂತ ಕಾನ್‌ಸ್ಟೇಬಲ್ ಪ್ರತಿಮಾ ಲೋಟ ಇಟ್ಟಳು, ಆ ಡ್ರೈವರ್ ಜೀವಕ್ಕೇನಿಲ್ವಂತೆ, ಕೈ ಮಾತ್ರ ಹೇಳಕಾಗಲ್ವಂತೆ, ಅವನ ಮನೇಲೂ ರೇಷ್ಮೇನೇ ಅಂತೆ, ಅಗೆಯೋ ಮುಂಚೆ ಸೊಪ್ಪು ಕೊಯ್ಕೊಡಕ್ಕೆ ಎರಡು ಗಂಟೆ ಟೈಮ್ ಕೊಡಿ ಅಂತ ಜಯಕುಮಾರ್ ಹತ್ರ ಕೇಳ್ಕೊಂಡಿದ್ನಂತೆ — ಸಾಕು ಸುಮ್ಕಿರವ್ವಾ, ಕೈ ಮುಗೀತೀನಿ, ಆದರೆ ಪ್ರತಿಮಾ ಸುಮ್ಮನಾಗಲಿಲ್ಲ, ಬೇರೆ ಡ್ರೈವರ್ ಬಂದು ತೋಟ ಅಗೆದಾಯ್ತು, ನಿಮ್ಮೆಜಮಾನ್ರು ಫೋನ್ ಮಾಡಿದ್ರು, ಹುಳುಗೆ ಸೊಪ್ಪು ಹಾಕ್ದೆ, ಚೆನ್ನಾಗಿ ತಿಂತಾವೆ ಅಂತ ಹೇಳಿ ಅಂದ್ರು. ಯಾವ ಸೊಪ್ಪು, ತೋಟವೇ ಇಲ್ಲದ ಮೇಲೆ ಎಲ್ಲಿಯ ಸೊಪ್ಪು, ಅವನು ಕೊಯ್ದಿಟ್ಟ ಅದೇ ಸೊಪ್ಪು, ಗಂಡ ಗೋಣಿ ಎತ್ತಿ ತೆಗೆದನೇ, ರಕ್ತ ಕಾಣಲಿಲ್ಲವೇ ಇವನಿಗೆ, ತೊಳೆದನೇ, ತೊಳೆಯಬಾರದು, ನೀರಿಳಿಯುವ ಸೊಪ್ಪು ತಿಂದರೆ ಹುಳುವಿಗೆ ರೋಗ, ತೊಳೆಯದಿದ್ದರೆ, ತೊಳೆಯದಿದ್ದರೆ — ಫ್ಯಾನು ಕರಕರ, ತಿನ್ನುತ್ತಿವೆ, ಒದ್ದೆ ಗೋಣಿಚೀಲ, ಅಕ್ಕಾ ನಿಮ್ಗೇ, ಒದ್ದೆ ಗೋಣಿಚೀಲ, ಅದರ ಮೇಲೆ ತುಂಡಾಗಿ ಬಿದ್ದ ಎರಡು ಬೆರಳು, ಸೊಪ್ಪಿನ ಕಡ್ಡಿ ಹಿಡಿದಂತೆ ಬಾಗಿಕೊಂಡೇ ಇರುವ ಎರಡು ಬೆರಳು.