ಸುಶೀಲೆಗೆ ಹುಲ್ಲು ಮಾತ್ರ

ಮೊದಲೇ ಹೇಳಿಬಿಡುತ್ತೇನೆ, ನನಗೆ ಆ ಕತ್ತೆಯನ್ನು ಕಂಡರೆ ಆಗುತ್ತಿರಲಿಲ್ಲ. ಕಿವಿ ಎಷ್ಟು ಮೆತ್ತಗಿದೆ ನೋಡಿ, ಕಣ್ಣಿಗೆ ಕಾಡಿಗೆ ಹಚ್ಚಿದ ಹಾಗಿದೆ ನೋಡಿ ಅಂತ ಹೊಸ ತಿಪ್ಪಸಂದ್ರದ ನಮ್ಮ ಬೀದಿಯವರೆಲ್ಲ ಮೊಬೈಲ್ ಹಿಡಿದು ಬರುತ್ತಿದ್ದರು. ಫೋಟೊ ತೆಗೆದುಕೊಂಡು ಹೋಗುವವರಿಗೇನು? ಬೆಳಗ್ಗೆ ಐದೂವರೆಗೆ ಅದು ಗಂಟಲು ಬಿಚ್ಚಿದರೆ ಕೇಳಬೇಕಾದವಳು ನಾನು. ಅದರ ಲದ್ದಿಯನ್ನು ಕಸದ ಗಾಡಿಯವರು ಮುಟ್ಟುವುದಿಲ್ಲ, ಗೋಣಿಚೀಲಕ್ಕೆ ತುಂಬಿ ನರ್ಸರಿಗೆ ಸಾಗಿಸಬೇಕು. ಹುಲ್ಲು ಹೊಸಕೋಟೆ ಕಡೆಯಿಂದ ಟೆಂಪೋದಲ್ಲಿ ಬರಬೇಕು. ಅದಕ್ಕೆ ಮೈ ಹುಷಾರಿಲ್ಲ ಅಂತ ಇಂದಿರಾನಗರದ ಕ್ಲಿನಿಕ್ಕುಗಳಿಗೆ ಫೋನ್ ಮಾಡಿದರೆ, 'ನಾವು ನಾಯಿ, ಬೆಕ್ಕು ಮಾತ್ರ ನೋಡೋದು ಮೇಡಂ' ಅಂತ ನಗುತ್ತಲೇ ಫೋನ್ ಇಡುತ್ತಾರೆ. ಎರಡು ತಿಂಗಳಿಗೊಮ್ಮೆ ಗೊರಸು ಕೆತ್ತಿಸಬೇಕು, ಅದಕ್ಕೆ ಮದುವೆ ಕುದುರೆಗಳಿಗೆ ಲಾಳ ಹೊಡೆಯುವ ಸನಾವುಲ್ಲಾ ಶಿವಾಜಿನಗರದಿಂದ ಆಟೋ ಹಿಡಿದು ಬರಬೇಕು. ಇದೆಲ್ಲ ನಡೆಯುತ್ತಿದ್ದದ್ದು ಇನ್ಶೂರೆನ್ಸ್ ಆಫೀಸಿನ ನನ್ನ ಸಂಬಳದಲ್ಲಿ.

ಕತ್ತೆಯನ್ನು ತಂದವರು ಇವರು. ಇವರು ಅಂದರೆ ನನ್ನ ಗಂಡ, ಗುರುರಾಜ್. ಕಾರ್ಖಾನೆಯಲ್ಲಿ ಮೂವತ್ತಾರು ವರ್ಷ ವಿಮಾನದ ಬಿಡಿಭಾಗ ತಪಾಸಣೆ ಮಾಡಿದವರು. ನಿವೃತ್ತಿಯಾಗಿ, ಹಾರ ಹಾಕಿಸಿಕೊಂಡು ಮನೆಗೆ ಬಂದು ಮಲಗಿದವರು ಎಂಟು ತಿಂಗಳು ಏಳಲಿಲ್ಲ. ಕಾಯಿಲೆಯಲ್ಲ, ಜ್ವರವಲ್ಲ. ಗೋಡೆ ನೋಡಿಕೊಂಡು ಮಲಗುವುದು, ಅಷ್ಟೇ. ಮನಸ್ಸಿನ ಡಾಕ್ಟರಿಗೆ ತೋರಿಸಿದೆ, ಮಾತ್ರೆ ಕೊಟ್ಟೆ, ಹರಕೆ ಹೊತ್ತೆ, ಅತ್ತೆ, ಬೈದೆ. ಒಂದಕ್ಕೂ ಜಗ್ಗಲಿಲ್ಲ.

ಒಂದು ದಿನ ಕೆ.ಆರ್. ಪುರದಲ್ಲಿ ಯಾವುದೋ ಕಾಗದಕ್ಕೆ ಸಹಿ ಹಾಕಿಸಬೇಕಾಗಿ ಬಲವಂತವಾಗಿ ಎಬ್ಬಿಸಿಕೊಂಡು ಹೋಗಿದ್ದೆ. ಸಂತೆ ಬೀದಿಯಲ್ಲಿ ಭೀಮಾಶಂಕರ ಅನ್ನುವವನೊಬ್ಬ ಮೈಕು ಕಟ್ಟಿಕೊಂಡು, ಮಕ್ಕಳ ಕೆಮ್ಮಿಗೆ ಕತ್ತೆ ಹಾಲು ಅಂತ ಕೂಗುತ್ತಿದ್ದ. ಅವನ ಕತ್ತೆಗಳಲ್ಲಿ ಒಂದು ಹಾಲು ಬತ್ತಿಸಿಕೊಂಡು ಮೂಲೆಯಲ್ಲಿ ತಲೆ ತಗ್ಗಿಸಿ ನಿಂತಿತ್ತು. ಇವರು ಅದರ ಮುಂದೆ ನಿಂತರು. ಅದು ಬಂದು ಇವರ ಹೆಗಲ ಮೇಲೆ ಗಲ್ಲ ಇಟ್ಟಿತು. ಎಂಟು ತಿಂಗಳಲ್ಲಿ ಮೊದಲ ಸಲ ಇವರು ನಕ್ಕರು. ಭೀಮಾಶಂಕರ ಎರಡನೇ ಮಾತಿಲ್ಲದೆ ಹಗ್ಗವನ್ನು ಇವರ ಕೈಗೆ ಕೊಟ್ಟ.

ಸುಶೀಲೆ ಅಂತ ಹೆಸರಿಟ್ಟರು. ಅದನ್ನು ಕಟ್ಟಿದ್ದು ನಮ್ಮ ಪಕ್ಕದ ಖಾಲಿ ಸೈಟಿನಲ್ಲಿ. ಸೈಟು ಪಟಾಲಮ್ಮನದು. ಈ ಬೀದಿಯೆಲ್ಲ ರಾಗಿ ಹೊಲವಾಗಿದ್ದಾಗಿನಿಂದ ಇಲ್ಲಿರುವವರು, ಈಗ ನಾಲ್ಕು ಮನೆ ಬಾಡಿಗೆಗೆ ಕೊಟ್ಟಿದ್ದಾರೆ. 'ಕಟ್ಕಳಿ ಸ್ವಾಮಿ, ಜೀವ ಇರೋ ಜಾಗ ಚೆಂದ' ಅಂದಿದ್ದರು. ಮಾರನೆಯ ದಿನದಿಂದ ಇವರು ಐದಕ್ಕೇ ಎದ್ದು ಬಕೆಟ್ ಹಿಡಿದು ಹೊರಟರು. ಗುಡಿಸಿದರು, ಮೈ ಉಜ್ಜಿದರು, ಅದರ ಜೊತೆ ಎಚ್‌ಎಎಲ್ ರಸ್ತೆ ತನಕ ವಾಕಿಂಗ್ ಹೋದರು. ನೋಡಿದವರೆಲ್ಲ ನನ್ನ ಕೈ ಹಿಡಿದು, 'ಅನಸೂಯ, ನಿನ್ನ ಗಂಡ ಎದ್ದ ಬಿಡು, ಎಂಥಾ ಪುಣ್ಯ' ಅನ್ನುತ್ತಿದ್ದರು.

ಪುಣ್ಯ ಅಂತೆ! ನನಗೆ ಮೈಯೆಲ್ಲ ಉರಿಯುತ್ತಿತ್ತು. ಇಪ್ಪತ್ತೆಂಟು ವರ್ಷ ಸಂಸಾರ ಮಾಡಿದ ಹೆಂಡತಿ ಕಾಲು ಹಿಡಿದರೂ ಏಳದ ಮನುಷ್ಯ ಕತ್ತೆಗೋಸ್ಕರ ಎದ್ದ ಅಂದರೆ, ಆ ಹೆಂಡತಿ ಯಾವ ಮುಖ ಹೊತ್ತು ಓಡಾಡಬೇಕು? ಇದನ್ನು ಯಾರ ಹತ್ತಿರ ಹೇಳಿದರೂ ನಗುತ್ತಾರೆ. ಆದ್ದರಿಂದ ಹೇಳಲಿಲ್ಲ.

ಆದರೆ ಒಂದು ಕೆಲಸ ಮಾಡಿದೆ. ಅದನ್ನು ಇವರಿಂದ ಕಿತ್ತುಕೊಳ್ಳಬೇಕು ಅನ್ನಿಸಿತು. ಇವರ ಧ್ವನಿಗಲ್ಲ, ನನ್ನ ಹೆಜ್ಜೆಯ ಸದ್ದಿಗೆ ಅದು ಕಿವಿ ನಿಮಿರಿಸಬೇಕು. ಇವರು ಗೇಟಿಗೆ 'ಹುಲ್ಲು ಬಿಟ್ಟು ಬೇರೇನೂ ಹಾಕಬೇಡಿ' ಅಂತ ಬೋರ್ಡ್ ತಗುಲಿಸಿದ್ದರು. ಓದಿದೆ, ಬಿಟ್ಟೆ. ನಮ್ಮ ತಾಯಿಯ ಮನೆಯಲ್ಲಿ ಪ್ರಾಣಿಗೆ ಪ್ರೀತಿಯಿಂದ ಕೊಡುವುದು ಅಂದರೆ ಗೋಗ್ರಾಸವೇ: ನೆನೆಸಿದ ಅಕ್ಕಿ, ಬೆಲ್ಲ, ಬಾಳೆಹಣ್ಣು. ಹಸು ತಿಂದರೆ ಒಳ್ಳೆಯದಾದದ್ದು ಕತ್ತೆಗೆ ಕೆಟ್ಟದ್ದು ಹೇಗಾದೀತು? ಸಂಜೆ ಆರೂಕಾಲಿಗೆ ಆಫೀಸಿನಿಂದ ಬರುವಾಗ ಮಾರ್ಕೆಟ್ ರಸ್ತೆಯಲ್ಲಿ ಬೆಲ್ಲ, ಹಣ್ಣು ಕೊಳ್ಳುತ್ತಿದ್ದೆ. ಅದು ಇವರು ಸ್ನಾನಕ್ಕೆ ಹೋಗುವ ಹೊತ್ತು. ಯುಗಾದಿಯಲ್ಲಿ ನಾಲ್ಕು ಒಬ್ಬಟ್ಟು ಕೂಡ ಕೊಟ್ಟೆ, ತುಪ್ಪ ಸವರಿ. ಒಂದು ತಿಂಗಳಲ್ಲಿ ಅದು ನನ್ನ ಚಪ್ಪಲಿ ಸದ್ದಿಗೆ ಕೂಗತೊಡಗಿತು. ನನಗಾದ ಸಂತೋಷ ಅಷ್ಟಿಷ್ಟಲ್ಲ.

ಜೂನಿನಲ್ಲಿ ಒಂದು ಭಾನುವಾರ ಬೆಳಗ್ಗೆ ಅದು ಮುಂದಿನ ಎರಡು ಕಾಲನ್ನೂ ಮುಂದಕ್ಕೆ ಚಾಚಿ ನಿಂತುಬಿಟ್ಟಿತ್ತು. ಹೆಜ್ಜೆ ಎತ್ತಲೊಲ್ಲದು. ಇವರು ಹುಚ್ಚು ಹಿಡಿದವರ ಹಾಗೆ ಫೋನ್ ಮಾಡಿದರು. ಸನಾವುಲ್ಲಾ ಬಂದು ಗೊರಸಿನ ಮೇಲೆ ಅಂಗೈಯಿಟ್ಟು ನೋಡಿದರು.

"ಬಿಸಿ ಐತೆ ಸಾಬ್," ಅಂದರು. "ಇದು ಒಂದ್ ದಿನದ್ದಲ್ಲ. ಯಾರೋ ದಿನಾ ಮೀಠಾ ತಿನ್ಸಿದಾರೆ. ಕತ್ತೆಗೆ ಸಿಹಿ ಹಾಕಿದ್ರೆ ಕಾಲಿಗೆ ಇಳಿಯುತ್ತೆ. ಇನ್ನೂ ಜಾಸ್ತಿಯಾದ್ರೆ ಮತ್ತೆ ಎದ್ದು ನಿಲ್ಲಲ್ಲ ಇದು."

ಅಷ್ಟರಲ್ಲಿ ಪಟಾಲಮ್ಮ ಗೇಟಿನ ಹತ್ತಿರ ಬಂದು ಇಣುಕಿದರು. ಬೀದಿಯಲ್ಲಿ ಈಗ ಹಸುಗಳೇ ಇಲ್ಲವಲ್ಲ, ಅಮಾವಾಸ್ಯೆಗೆ ಒಂದು ಹಿಡಿ ಅಕ್ಕಿ ಬೆಲ್ಲವನ್ನು ಅವರು ಈ ಕತ್ತೆಗೇ ಇಡುತ್ತಿದ್ದರು, ಇವರ ಎದುರಿಗೇ. ಇವರಿಗೆ ಅಷ್ಟು ಸಾಕಾಯಿತು.

"ನಿಮ್ಮ ಪುಣ್ಯಕ್ಕೆ ನನ್ನ ಸುಶೀಲೇನೇ ಬೇಕಾಗಿತ್ತಾ ಪಟಾಲಮ್ಮ?"

"ಯಾಕ್ ಸ್ವಾಮಿ, ಏನಾಯ್ತು?"

"ದಿನಾ ಬೆಲ್ಲ ತಿನ್ನಿಸಿ ಕಾಲು ಹಾಳು ಮಾಡಿದ್ದೀರಿ, ಇನ್ನೇನಾಗ್ಬೇಕು!"

"ಅಮಾಸೆಗೊಂದ್ ದಪ ಇಕ್ಕೋದು ನಾನು. ದಿನಾ ಇಕ್ಕಕ್ಕೆ ನಂಗೇನ್ ತಲೆ ಕೆಟ್ಟೈತಾ?"

"ಸುಳ್ಳು ಹೇಳ್ಬೇಡಿ!"

ಪಟಾಲಮ್ಮನ ಮುಖ ಕಪ್ಪಿಟ್ಟಿತು. "ನನ್ನ ಜಾಗದಾಗೆ ನಿಂತ್ಕಂಡು ನಂಗೇ ಸುಳ್ಳಿ ಅಂತೀರಾ? ಸಂಜೆ ಒಳಗೆ ನಿಮ್ ಕತ್ತೆ ಬಿಚ್ಕಂಡ್ ಹೋಗಿ. ನನ್ಮಗ ಶ್ರೀನಾಥ ಇಲ್ಲಿ ಪಿಜಿ ಕಟ್ತೀನಿ ಅಂತ ಎರಡ್ ವರ್ಷದಿಂದ ಕುಣೀತಾವ್ನೆ. ಕಟ್ಕಳ್ಲಿ."

ನಾನು ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಒಂದೂವರೆ ವರ್ಷದಿಂದ ಬೇಡಿಕೊಂಡದ್ದು ತಾನಾಗಿಯೇ ಕೈಗೆ ಬಂದಿತ್ತು. ಕತ್ತೆ ತೊಲಗುತ್ತದೆ, ಬೆಳಗಿನ ಅದರ ರಾಗ ನಿಲ್ಲುತ್ತದೆ, ಲದ್ದಿ ಹೊರುವುದು ತಪ್ಪುತ್ತದೆ. ಇವರ ಕಡೆ ನೋಡಿದೆ. ಇವರು ಪಟಾಲಮ್ಮನ ಜೊತೆ ಜಗಳವಾಡುವುದನ್ನೂ ಬಿಟ್ಟು, ಕತ್ತೆಯ ಬೆನ್ನಿಗೆ ಹಣೆ ಒತ್ತಿಕೊಂಡು ನಿಂತಿದ್ದರು. ಎಂಟು ತಿಂಗಳು ಗೋಡೆ ನೋಡುತ್ತಿದ್ದ ಅದೇ ಮುಖ ವಾಪಸ್ಸು ಬಂದಿತ್ತು. ಇನ್ನೊಂದು ಸಲ ಇವರು ಮಲಗಿದರೆ ಮತ್ತೆ ಏಳುವುದಿಲ್ಲ ಅಂತ ನನಗೆ ಗೊತ್ತಾಯಿತು.

"ಪಟಾಲಮ್ಮನನ್ನ ಯಾಕ್ರೀ ಬೈತೀರಾ," ಅಂದೆ. "ಹಾಕಿದ್ದು ನಾನು."

ಇವರು ನಿಧಾನಕ್ಕೆ ತಿರುಗಿದರು.

"ಯಾವಾಗ?"

"ದಿನಾ. ಆಫೀಸಿಂದ ಬಂದಾಗ. ನೀವು ಸ್ನಾನಕ್ಕೆ ಹೋದಾಗ."

"ಅದನ್ನ ಕಂಡ್ರೆ ಆಗಲ್ಲ ಅಂತಿದ್ಯಲ್ಲ."

"ಆಗಲ್ಲ. ಈಗಲೂ ಆಗಲ್ಲ. ನಿಮಗಿಂತ ನನ್ನ ಹತ್ರ ಜಾಸ್ತಿ ಬರ್ಲಿ ಅಂತ ಹಾಕ್ದೆ. ಇದರಿಂದ ಕಾಲು ಹೋಗುತ್ತೆ ಅಂತ ನನಗೇನ್ರೀ ಗೊತ್ತು?"

"ಬೋರ್ಡ್ ಹಾಕಿದ್ನಲ್ಲ."

"ಓದಿದ್ದೆ."

ಕೂಗಾಡುತ್ತಾರೆ ಅಂದುಕೊಂಡು ಕಾಯುತ್ತಿದ್ದೆ, ನನ್ನ ಉತ್ತರವೂ ಸಿದ್ಧವಿತ್ತು. ಇವರು ಕೇಳಿದ್ದೇ ಬೇರೆ.

"ಎಷ್ಟು ಹೊತ್ತು ಇರ್ತಿದ್ದೆ ಅದರ ಹತ್ರ?"

"ಕಾಲು ಗಂಟೆ. ಕೆಲವು ದಿನ ಅರ್ಧ ಗಂಟೆ."

"ಅಷ್ಟು ಹೊತ್ತು ಏನು ಮಾಡ್ತಿದ್ದೆ?"

"ಮಾತಾಡ್ತಿದ್ದೆ. ಆಫೀಸಿನದು, ಬಸ್ಸಿನದು."

ಇವರು ಕೈಯಲ್ಲಿದ್ದ ಬ್ರಷ್ಷನ್ನು ಬಕೆಟ್ಟಿಗೆ ಹಾಕಿದರು. "ನಾನು ಎಂಟು ತಿಂಗಳು ಮಲಗಿದ್ದೆ, ಅನಸೂಯ. ನೀನು ತಟ್ಟೆ ತಂದು ಸ್ಟೂಲಿನ ಮೇಲೆ ಕುಕ್ಕಿ ಹೋಗ್ತಿದ್ದೆ. ಒಂದು ದಿನ ಮಂಚದ ತುದೀಲಿ ಕೂತು ಬಸ್ಸಿನ ವಿಷಯ ಹೇಳಿದ್ಯಾ?"

ಆಫೀಸು, ಅಡುಗೆ, ಡಾಕ್ಟರ ಕ್ಯೂ ಎಲ್ಲವನ್ನೂ ಇವರ ಮುಖಕ್ಕೆ ಎಸೆಯಬಹುದಿತ್ತು. ಒಂದೂ ಸುಳ್ಳಲ್ಲ. ಆದರೆ ಇವರು ಹೇಳಿದ್ದೂ ಸುಳ್ಳಲ್ಲ. ನಾನು ಕೂತಿರಲಿಲ್ಲ. ಇವರ ಮೇಲಿನ ಸಿಟ್ಟಿಗೆ ಆ ಕೋಣೆಯಲ್ಲಿ ಒಂದು ನಿಮಿಷ ಹೆಚ್ಚಿಗೆ ನಿಲ್ಲುತ್ತಿರಲಿಲ್ಲ.

ಪಟಾಲಮ್ಮ ನಮ್ಮಿಬ್ಬರನ್ನೂ ನೋಡಿ ಸೆರಗು ಸರಿಮಾಡಿಕೊಂಡರು. "ಕತ್ತೆ ಇರ್ಲಿ ಬಿಡಿ. ಆದ್ರೆ ನೀವಿಬ್ರೂ ನಮ್ಮನೇಗ್ ಬಂದು ಆ ಮಾತು ವಾಪಸ್ ತಗಂಡ್ ಹೋಗಿ," ಅಂತ ಹೊರಟುಹೋದರು. ಇವರು ನನಗೆ ಹೇಳಿದ್ದು ಒಂದೇ: "ಇನ್ಮೇಲೆ ಈ ಗೇಟಿನೊಳಗೆ ನೀನು ಕಾಲಿಡ್ಬೇಡ."

ಸರಕಾರಿ ಪಶುವೈದ್ಯರು ಬಂದರು. ಮರಳು ಹಾಸಿ, ದಿನಕ್ಕೆ ನಾಲ್ಕು ಸಲ ಕಾಲಿಗೆ ತಣ್ಣೀರು ಬಿಟ್ಟು, ಬರಿಯ ಒಣಹುಲ್ಲು ಹಾಕಿ ಇವರೇ ನೋಡಿಕೊಂಡರು. ಕತ್ತೆ ನಡೆಯಲು ಎರಡೂವರೆ ತಿಂಗಳಾಯಿತು. ಇವರು ಒಂದು ದಿನವೂ ಐದು ಗಂಟೆ ತಪ್ಪಿಸಲಿಲ್ಲ. ನನಗೆ ಬೇಕಾದದ್ದು ಅದೇ ತಾನೇ. ನನ್ನ ಜೊತೆ ಮಾತ್ರ ಹೂಂ, ಉಹೂಂ ಬಿಟ್ಟು ಮಾತಿಲ್ಲ. ಸಂಜೆ ನಾನು ಬಂದ ಸದ್ದಿಗೆ ಅದು ಕೂಗುತ್ತದೆ, ನಾನು ಕೇಳದವಳ ಹಾಗೆ ಮನೆಯೊಳಗೆ ಹೋಗುತ್ತೇನೆ.

ಮೊನ್ನೆ ಊಟಕ್ಕೆ ಕೂತಾಗ ತಡೆಯಲಾಗಲಿಲ್ಲ. "ಇವತ್ತು ಮಾರತ್ತಹಳ್ಳಿಯಲ್ಲಿ ಬಸ್ಸು..." ಅಂತ ಶುರು ಮಾಡಿದೆ.

"ಹೋಗಿ ಅದರ ಹತ್ರ ಹೇಳ್ಕೋ," ಅಂದರು, ತಲೆ ಎತ್ತದೆ. ಅಂದ ಮೇಲೆ ಇವರಿಗೇ ಹೊಳೆದಿರಬೇಕು, ಅಲ್ಲಿಗೆ ನನ್ನನ್ನು ಬಿಡದವರು ತಾವೇ ಅಂತ. ಅನ್ನ ಕಲಸುತ್ತಿದ್ದ ಕೈ ನಿಂತಿತು.

"ಅದಕ್ಕೆ ಹೇಳೋ ಹಾಗಿಲ್ಲವಲ್ಲ," ಅಂದೆ, ಸಿಟ್ಟಿನಿಂದಲೇ. "ನಿಮಗೇ ಹೇಳ್ತೀನಿ. ಕೇಳಿದ್ರೆ ಕೇಳಿ, ಬಿಟ್ರೆ ಬಿಡಿ."

ಬಸ್ಸು ಕೆಟ್ಟು ನಿಂತದ್ದು, ಕಂಡಕ್ಟರ್ ಜೊತೆ ನಾನು ಜಗಳವಾಡಿದ್ದು, ರಿಂಗ್ ರೋಡಿನಲ್ಲಿ ಅರ್ಧ ಗಂಟೆ ನಿಂತದ್ದು, ಎಲ್ಲವನ್ನೂ ಹೇಳಿದೆ. ಇವರು ಹೂಂ ಅನ್ನಲಿಲ್ಲ. ಎದ್ದೂ ಹೋಗಲಿಲ್ಲ. ನಾನು ಮುಗಿಸುವ ಹೊತ್ತಿಗೆ ಇವರ ಎಂಜಲ ಕೈ ಪೂರ್ತಿ ಒಣಗಿತ್ತು.